ಅಳತೆಯಕ್ಕನ ಕಾಲು

ಆ ಶೂ ಕಾರ್ಖಾನೆಯಲ್ಲಿ ಅವಳನ್ನು ಹೆಸರು ಹಿಡಿದು ಕರೆಯುತ್ತಿದ್ದವನು ಹಾಜರಿ ಹಾಕುವ ಗುಮಾಸ್ತ ಒಬ್ಬನೇ. ಮಿಕ್ಕವರಿಗೆಲ್ಲ ಅವಳು ಅಳತೆಯಕ್ಕ. ಹೊಲಿಗೆ ಮಾಡಲೆಂದು ಸೇರಿದವಳು. ಸೇರಿದ ಹೊಸದರಲ್ಲಿ ಸ್ಯಾಂಪಲ್ ವಿಭಾಗದವರು ಬಂದು ಹೆಂಗಸರನ್ನೆಲ್ಲ ಬೆಂಚಿನ ಮೇಲೆ ಸಾಲಾಗಿ ಕೂರಿಸಿ ಕಾಲಿನ ಅಳತೆ ತೆಗೆದಿದ್ದರು. ಉದ್ದ, ಮುಂಗಾಲಿನ ಸುತ್ತಳತೆ, ಹಿಮ್ಮಡಿಯ ಅಗಲ, ಯಾವುದರಲ್ಲೂ ಕೂದಲೆಳೆಯಷ್ಟು ಹೆಚ್ಚುಕಮ್ಮಿಯಿಲ್ಲದೆ ಕಾರ್ಖಾನೆಯ ಮಾದರಿ ಅಳತೆಗೆ ಹೊಂದಿದ್ದು ಅವಳ ಕಾಲು ಮಾತ್ರ. ಅವತ್ತಿನಿಂದ ಅಲ್ಲಿ ತಯಾರಾಗುವ ಹೆಂಗಸರ ಶೂ ಯಾವುದೇ ಇರಲಿ, ಮೊದಲು ಏರುವುದು ಅವಳ ಕಾಲಿಗೆ. ಅವಳು ಹೂಂ ಅಂದಮೇಲೆ ಊರವರ ಕಾಲಿಗೆ.

ಕೇಳಿದವರಿಗೆ ಇದು ರಾಣಿಯ ಕೆಲಸದ ಹಾಗೆ ಕಾಣುತ್ತಿತ್ತು. ದಿನಾ ಹೊಸ ಶೂ ಹಾಕೋ ಪುಣ್ಯ ಯಾರಿಗುಂಟು ಅಂತ ಹೊಲಿಗೆಯ ಹೆಂಗಸರು ಕಿಚಾಯಿಸುತ್ತಿದ್ದರು. ಹೊಸ ಶೂ ಕಚ್ಚುತ್ತದೆ, ಹಳತಾದ ಹಾಗೆ ಕಾಲಿಗೆ ಒಗ್ಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಿದ್ದ ಮಾತು. ಅಳತೆಯಕ್ಕನ ಪಾಲಿಗೆ ಶೂ ಹಳತಾಗುತ್ತಲೇ ಇರಲಿಲ್ಲ. ಒಗ್ಗುವಷ್ಟರಲ್ಲಿ ಬಿಚ್ಚಿಕೊಟ್ಟು ಇನ್ನೊಂದು ಜೋಡಿಯಿಂದ ಕಚ್ಚಿಸಿಕೊಳ್ಳಬೇಕು. ಹಾಕಿಕೊಂಡು ಉದ್ದನೆಯ ಕಾರಿಡಾರಿನಲ್ಲಿ ನಡೆಯಬೇಕು, ಮೆಟ್ಟಿಲು ಹತ್ತಿಳಿಯಬೇಕು, ತುದಿಗಾಲಲ್ಲಿ ಕೂತು ಏಳಬೇಕು. ಅಲ್ಲಿಗೆ ಪಾಸಾದ ಜೋಡಿಯನ್ನು ವಾರಪೂರ್ತಿ ಹಾಕಿಕೊಂಡು ಪ್ಯಾಕಿಂಗ್ ಮೇಜಿನ ಮುಂದೆ ನಿಂತು ಕೆಲಸ ಮಾಡಬೇಕು.

ಡಿಸೈನರ್ ಮೇಡಂ ಕೆಟ್ಟವರೇನೂ ಆಗಿರಲಿಲ್ಲ. ಎಲ್ಲಿ ಒತ್ತುತ್ತೆ ಅಕ್ಕ ಅಂತ ಮಂಡಿಯೂರಿ ಕೂತು ಕೇಳುವರು. ಹೆಬ್ಬೆರಳ ಹತ್ತಿರ ಬಿಗಿ ಅಂದರೆ ಅಗಲ ಮಾಡಿಸುವರು. ಅಗಲ ಮಾಡಿದ ಶೂ ದೊಡ್ಡ ಅಂಗಡಿಯವರ ಹತ್ತಿರ ಹೋಗಿ, ಕಾಲು ದಪ್ಪ ಕಾಣುತ್ತೆ, ನಮ್ಮಲ್ಲಿ ಇದು ಓಡಲ್ಲ ಅಂತ ವಾಪಸ್ಸು ಬರುತ್ತಿತ್ತು. ಮೇಡಂ ಮತ್ತೆ ಅದರ ಮೂತಿಯನ್ನು ಚೂಪು ಮಾಡಿಸುವರು. ಹೀಗೆ ಎಷ್ಟೋ ಸಲ ಆದಮೇಲೆ ಅಳತೆಯಕ್ಕನಿಗೂ ಹೇಳಿ ಸಾಕಾಯಿತು, ಮೇಡಂಗೂ ಕೇಳಿ ಸಾಕಾಯಿತು. ಪರವಾಗಿಲ್ಲ ಮೇಡಂ ಅನ್ನುವುದು ಅವಳ ಬಾಯಲ್ಲಿ ಉಸಿರಾಡಿದಷ್ಟು ಸಲೀಸಾಗಿ ಬರತೊಡಗಿತು.

ಪರೀಕ್ಷೆ ಮುಗಿದ ಸ್ಯಾಂಪಲ್‌ಗಳನ್ನು ಮನೆಗೆ ಒಯ್ಯಲು ಬಿಡುತ್ತಿದ್ದರು. ಪುಕ್ಕಟೆ ಸಿಕ್ಕರೆ ನನಗೊಂದು ನಮ್ಮಪ್ಪನಿಗೊಂದು ಅನ್ನುವ ಹಾಗೆ ಅವಳೂ ತಂದಳು. ಅವಳಿಗೊಬ್ಬಳೇ ಮಗಳು. ಆ ಮಗು ಗೋಡೆ ಹಿಡಿದು ನಿಲ್ಲತೊಡಗಿದಾಗಲೇ ಮಕ್ಕಳ ವಿಭಾಗದಿಂದ ಪುಟ್ಟ ಬೂಟು ಬಂತು. ಶಾಲೆಗೆ ಸೇರಿದಾಗ ಕರಿ ಶೂ, ಮದುವೆ ಮುಂಜಿಗೆ ಹೊಳೆಯುವ ಶೂ. ದೊಡ್ಡವಳಾಗಿ ಕಾಲು ಅಮ್ಮನಷ್ಟೇ ಬೆಳೆದ ಮೇಲಂತೂ ಎತ್ತರದ ಹಿಮ್ಮಡಿಯ, ಚೂಪು ಮೂತಿಯ ಶೂಗಳೆಲ್ಲ ನೇರ ಅಮ್ಮನ ಕಾಲಿಂದ ಮಗಳ ಕಾಲಿಗೆ. ಅಕ್ಕಪಕ್ಕದ ಮನೆಗಳಲ್ಲಿ ಅಷ್ಟು ಚೆಂದದ ಶೂ ಯಾರಿಗೂ ಇರಲಿಲ್ಲ.

ಮನೆಯಲ್ಲಿ ಗಂಡನೂ ಇದ್ದ, ಆದರೆ ಇದ್ದೂ ಇಲ್ಲದ ಹಾಗೆ. ಲಾರಿ ಓಡಿಸುತ್ತಿದ್ದ, ಬಂದರೆ ಎರಡು ದಿನ ನಿದ್ದೆ ಮಾಡಿ ಮತ್ತೆ ಹೊರಡುತ್ತಿದ್ದ. ಮನೆಯಲ್ಲಿ ಉಳಿಯುತ್ತಿದ್ದವರು ಮೂವರು ಹೆಂಗಸರೇ: ಅಳತೆಯಕ್ಕ, ಮಗಳು, ಅತ್ತೆ. ಅತ್ತೆಯ ಕಾಲು ನೋಡಿದರೆ ಯಾರಿಗಾದರೂ ನಗು ಬರಬೇಕು, ಬೀಸಣಿಗೆ ಬಿಚ್ಚಿಟ್ಟ ಹಾಗೆ. ಐದೂ ಬೆರಳು ಒಂದಕ್ಕೊಂದು ತಾಗದೆ ತಮ್ಮ ಪಾಡಿಗೆ ತಾವಿದ್ದವು. ಬಗ್ಗಲು ಸೊಂಟ ಕೇಳದ್ದರಿಂದ ನೆಲಕ್ಕೆ ಬಿದ್ದ ಚಮಚವನ್ನೂ ಕರವಸ್ತ್ರವನ್ನೂ ಅವರು ಕಾಲ್ಬೆರಳಲ್ಲೇ ಹಿಡಿದು ಎತ್ತಿಕೊಳ್ಳುತ್ತಿದ್ದರು. ಮೊಮ್ಮಗಳು ಚಿಕ್ಕವಳಿದ್ದಾಗ ಅಜ್ಜಿಗೆ ನಾಲ್ಕು ಕೈ ಅಂತ ಎಲ್ಲರಿಗೂ ಹೇಳಿಕೊಂಡು ಬಂದಿದ್ದಳು.

ಅಳತೆಯಕ್ಕನ ಎಡಗಾಲಿನ ಹೆಬ್ಬೆರಳ ಬುಡದಲ್ಲಿ ಮೂಳೆ ಉಬ್ಬತೊಡಗಿದ್ದು ಯಾವಾಗ ಅಂತ ಅವಳಿಗೇ ಸರಿಯಾಗಿ ಗೊತ್ತಿರಲಿಲ್ಲ. ಮೊದಲು ಅಲ್ಲಿ ಕೆಂಪಾಗುತ್ತಿತ್ತು. ಆಮೇಲೆ ಚರ್ಮ ದಪ್ಪವಾಯಿತು. ಕಿರುಬೆರಳ ಮೇಲೆ ಆಣಿ ಬಂತು. ಹೆಬ್ಬೆರಳು ಮೆಲ್ಲಗೆ ಪಕ್ಕದ ಬೆರಳಿನ ಮೇಲೆ ಒರಗಿ, ಬಸ್ಸಿನಲ್ಲಿ ನಿದ್ದೆಗೆ ಬಿದ್ದವರು ಪಕ್ಕದವರ ಹೆಗಲಿಗೆ ಒರಗುವ ಹಾಗೆ, ಅಲ್ಲೇ ಉಳಿದುಬಿಟ್ಟಿತು. ಸಂಜೆ ಮನೆಗೆ ಬಂದು ಶೂ ಬಿಚ್ಚಿದರೆ ಅಂಗಾಲು ಉರಿ. ಬಿಸಿನೀರಲ್ಲಿ ಕಾಲಿಟ್ಟು ಕೂರುವಳು, ಅಲ್ಲೇ ತೂಕಡಿಸುವಳು. ನಿಂತು ಮಾಡೋ ಕೆಲಸ, ನೋಯದೆ ಇರುತ್ತಾ ಅಂತ ಗಂಡ ಅಂದ. ಅವಳೂ ಹಾಗೇ ಅಂದುಕೊಂಡಳು.

ಅದು ಬಯಲಾದದ್ದು ಹೊಸ ಮಾಲು ತಯಾರಾಗುವ ಹೊತ್ತಿನಲ್ಲಿ. ಸ್ಯಾಂಪಲ್ ಶೂ ಬಂತು, ಅಳತೆಯಕ್ಕನ ಕಾಲು ಒಳಗೆ ಹೋಗಲಿಲ್ಲ. ಅಚ್ಚು ತಪ್ಪಿದೆ ಅಂತ ಮೇಡಂ ಹಿಂದಕ್ಕೆ ಕಳಿಸಿದರು. ಮತ್ತೆ ಮಾಡಿಸಿದರು, ಆಗಲೂ ಹೋಗಲಿಲ್ಲ. ಅಚ್ಚು ಮಾಡುವ ವಿಭಾಗದವರಿಗೂ ಮೇಡಂಗೂ ಜಗಳವಾಯಿತು. ನಿಮ್ಮ ಅಳತೆ ತಪ್ಪು ಅಂತ ಇವರು, ನಿಮ್ಮ ಕಣ್ಣು ತಪ್ಪು ಅಂತ ಅವರು. ಕೊನೆಗೆ ಯಾರೋ, ಶೂ ಅಳೆದಿದ್ದಾಯ್ತು, ಕಾಲನ್ನೂ ಒಂದ್ಸಲ ಅಳೀರಪ್ಪ ಅಂದರು.

ಬೆಂಚಿನ ಮೇಲೆ ಕೂತು ಅವಳು ಕಾಲು ಮುಂದಿಟ್ಟಳು. ಮೇಡಂ ಟೇಪು ಸುತ್ತಿದರು, ಬಿಚ್ಚಿದರು, ಮತ್ತೆ ಸುತ್ತಿದರು. ಆಮೇಲೆ ಟೇಪನ್ನು ಸುರುಳಿ ಸುತ್ತಿ ಪಕ್ಕಕ್ಕಿಟ್ಟರು. ಅಳತೆಯಕ್ಕನಿಗೆ ಅರ್ಥವಾಗಿತ್ತು. ಆ ಟೇಪಿನ ಅಂಚು ಎಲ್ಲಿ ಸೇರಬೇಕಿತ್ತು, ಈಗ ಎಲ್ಲಿ ನಿಂತಿತು ಅನ್ನುವುದನ್ನು ಅವಳು ಮೇಲಿಂದಲೇ ನೋಡಿದ್ದಳು.

ಮುಂದಿನ ವಾರದಿಂದ ಅವಳು ಹೊಲಿಗೆಗೆ ವಾಪಸ್ಸು ಹೋಗಬೇಕು ಅಂತಾಯಿತು. ಮೇಡಂ ಅದನ್ನು ಬಾಗಿಲು ಹಾಕಿ, ಮೆಲ್ಲಗೆ, ಕ್ಷಮೆ ಕೇಳುವ ದನಿಯಲ್ಲಿ ಹೇಳಿದರು. ಹೇಳಿ ಮುಗಿಸಿ, ತಮಗೆ ಹೊಸ ಕಾಲೊಂದು ಬೇಕಲ್ಲ ಅಂತ ಕೊಂಚ ತಡೆದು ಕೇಳಿದರು.

"ಅಕ್ಕ, ನಿಮ್ಮ ಮಗಳು ಈಗ ಮನೇಲೇ ಇದ್ದಾಳೆ ಅಂದಿದ್ರಲ್ಲ. ಅವಳ ಕಾಲೂ ನಿಮ್ಮ ಹಾಗೇ ಅಲ್ವಾ? ಹೊರಗಿನವರಿಗಿಂತ ನಿಮ್ಮ ಮನೆಯವರಿಗೇ ಸಿಕ್ಕಲಿ ಅಂತ ನನ್ನಾಸೆ."

ಕೇಳಿ ಹೇಳ್ತೀನಿ ಅಂದು ಅವಳು ಹೊರಗೆ ಬಂದಳು.

ಮಗಳು ಹಿಗ್ಗಿಬಿಟ್ಟಳು. ಓದು ಮುಗಿಸಿ ಅಲ್ಲಿ ಇಲ್ಲಿ ಕೆಲಸ ಕೇಳಿ ಕೇಳಿ ಅವಳ ಮುಖ ಬಾಡಿತ್ತು. ಯಾವ ಶೂ ಹಾಕಿಕೊಂಡು ಹೋಗಲಿ ಅಂತ ಅವಳು ಆಗಲೇ ಕಪಾಟು ತೆಗೆದು ಕೂತಳು. ಅಳತೆಯಕ್ಕ ಮಾರನೆಯ ದಿನ ರಜೆ ಹಾಕಿ, ಅಷ್ಟು ವರ್ಷದಲ್ಲಿ ಮೊದಲ ಸಲ, ಕಾಲು ತೋರಿಸಲು ಆಸ್ಪತ್ರೆಗೆ ಹೋದಳು.

ಡಾಕ್ಟರು ಅವಳಿಗಿಂತ ಹಿರಿಯ ಹೆಂಗಸು. ಎಕ್ಸ್‌ರೇ ತೆಗೆಸಿ ಬೆಳಕಿಗೆ ಹಿಡಿದು ತೋರಿಸಿದರು. ನೆಟ್ಟಗಿರಬೇಕಾದ ಮೂಳೆ ಕವಲೊಡೆದ ಕೊಂಬೆಯ ಹಾಗೆ ಹೊರಗೆ ಬಾಗಿತ್ತು. ಮುಂದೆ ಕಿರಿದಾದ, ಹಿಂದೆ ಎತ್ತರದ ಶೂಗಳಲ್ಲಿ ಮೈಭಾರವೆಲ್ಲ ಬೆರಳುಗಳ ಮೇಲೆ ಬೀಳುತ್ತದೆ, ಬೆರಳಿಗೆ ಹರಡಲು ಜಾಗವಿಲ್ಲ, ಅದೇ ವರ್ಷಗಟ್ಟಲೆ ಆದರೆ ಬಾಗಿದ್ದು ಬಾಗಿಯೇ ನಿಲ್ಲುತ್ತದೆ ಅಂದರು. ಒಳಗೆ ಮೆತ್ತೆಯಿರುವ ಶೂಗಳಲ್ಲೂ ತೊಂದರೆ ಇಲ್ಲದಿಲ್ಲ, ಕೆಲಸವನ್ನೆಲ್ಲ ಶೂವೇ ಮಾಡಿದರೆ ಪಾದದ ಸಣ್ಣ ಸ್ನಾಯುಗಳು ಸೋಮಾರಿಯಾಗಿ ಮಲಗಿಬಿಡುತ್ತವೆ ಅಂತಲೂ ಹೇಳಿದರು. ಇಂಥದ್ದು ಕೆಲವು ಮನೆತನಗಳಲ್ಲಿ ಹುಟ್ಟಿನಿಂದಲೂ ಬರುವುದುಂಟು, ಆದರೆ ನಿಮ್ಮದರಲ್ಲಿ ಶೂಗಳ ಪಾಲೇ ದೊಡ್ಡದು. ನೋವು ತಡೆಯದಾದರೆ ಆಪರೇಷನ್. ಅಲ್ಲಿಯವರೆಗೆ ಅಗಲದ ಚಪ್ಪಲಿ, ಬೆರಳುಗಳಿಗೆ ವ್ಯಾಯಾಮ.

ಮನೆಗೆ ಬಂದು ಅವಳು ಮಗಳಿಗೆ ಆ ಕೆಲಸ ಬೇಡ ಅಂದಳು.

"ನೀನು ಇಷ್ಟು ವರ್ಷ ಮಾಡಿದೆ, ಆವಾಗ ಬೇಡ ಅನ್ನಿಸಲಿಲ್ಲ. ಈಗ ನನಗೆ ಸಿಕ್ಕಿದಾಗ ಬೇಡ" ಅಂದಳು ಮಗಳು. ಕೂಗಿ ಹೇಳಿದ್ದರೆ ಬೈಯಬಹುದಿತ್ತು. ಅವಳು ತಟ್ಟೆ ತೊಳೆಯುತ್ತಾ, ಬೆನ್ನು ತಿರುಗಿಸಿಕೊಂಡೇ ಹೇಳಿದಳು.

ಅಳತೆಯಕ್ಕ ಎಕ್ಸ್‌ರೇ ತೋರಿಸೋಣ ಅಂದುಕೊಂಡಳು, ಎದ್ದು ಚೀಲದವರೆಗೆ ಹೋಗಬೇಕಲ್ಲ ಅಂತ ಕೂತಲ್ಲೇ ಕೂತಳು. ಎರಡು ದಿನ ಮಗಳು ಕಪಾಟಿನ ಶೂ ತೆಗೆದು ಒರೆಸುವುದು, ಮತ್ತೆ ಒಳಗಿಡುವುದು ಮಾಡುತ್ತಿದ್ದಳು. ಮೂರನೆಯ ದಿನ ಬೆಳಿಗ್ಗೆ ಅಮ್ಮನೇ, ಹೊರಡು, ಬಸ್ಸು ತಪ್ಪುತ್ತೆ ಅಂದಳು.

ಅದೇ ಬೆಂಚು, ಅದೇ ಟೇಪು. ಮಗಳು ಶೂ ಬಿಚ್ಚಿ ಸಂಕೋಚದಿಂದ ಕಾಲು ಮುಂದಿಟ್ಟಳು. ಮೇಡಂ ಬಲಗಾಲು ಅಳೆದು ತಲೆಯಾಡಿಸಿದರು. ಎಡಗಾಲಿಗೆ ಟೇಪು ಸುತ್ತುವಾಗ ಅವರ ಕೈ ನಿಧಾನವಾಯಿತು. ಹೆಬ್ಬೆರಳನ್ನು ಎರಡು ಬೆರಳಲ್ಲಿ ಹಿಡಿದು ನೆಟ್ಟಗೆ ಮಾಡಿ ಬಿಟ್ಟರು. ಅದು ಮೆಲ್ಲಗೆ ವಾಪಸ್ಸು ಹೋಗಿ ಪಕ್ಕದ ಬೆರಳಿಗೆ ಒರಗಿತು. ಬುಡದಲ್ಲಿ ಕೆಂಪಗೆ, ಕಡಲೆಕಾಳಿನಷ್ಟು ಉಬ್ಬು.

ಮೇಡಂ ಮೇಲೆ ನೋಡಿದರು. ನೋಡಿದ್ದು ಮಗಳನ್ನಲ್ಲ, ಬಾಗಿಲಲ್ಲಿ ನಿಂತಿದ್ದ ಅಮ್ಮನನ್ನು.

"ಇಲ್ಲ ಅಕ್ಕ" ಅಂದರು ಅಷ್ಟೇ.

ಬೇಡ ಬೇಡ ಅಂತಿದ್ದದ್ದು ತಾನಾಗಿಯೇ ತಪ್ಪಿತು ಅಂತ ಸಮಾಧಾನ ಪಡಬೇಕಾದವಳು ಅಳತೆಯಕ್ಕ. ಅವಳು ಬಂದು ಬೆಂಚಿನಡಿಯ ಮಗಳ ಶೂ ಎತ್ತಿ, ಮೂತಿಯೊಳಗೆ ಬೆರಳು ಹಾಕಿ ನೋಡಿದಳು. ದಿನಾ ಕಣ್ಣೆದುರಿಗೇ ಓಡಾಡಿದ ಕಾಲು. ಆ ಕಾಲಿಗೆ ಸಾಕ್ಸ್ ಏರಿಸಿದವಳು ತಾನೇ, ಲೇಸು ಕಟ್ಟಿದವಳು ತಾನೇ. ಬಿಗಿ ಅಂತ ಮಗು ಅತ್ತಾಗ, ಎರಡು ದಿನ ಹಾಕು, ಸರಿಹೋಗುತ್ತೆ ಅಂದವಳೂ ತಾನೇ. ದುಡಿದು ದಣಿದ ಅಮ್ಮಂದಿರೆಲ್ಲ ಹೇಳುವ ಮಾತು ಅದು. ಅದರಲ್ಲಿ ಪಾಪವೇನಿದೆ ಅಂತ ಯಾರಾದರೂ ಕೇಳಬಹುದು. ಅವಳೂ ಬಸ್ಸಿನಲ್ಲಿ ಕೂತು ಅದನ್ನೇ ಕೇಳಿಕೊಂಡಳು. ಮಗಳು ಕಿಟಕಿಯ ಕಡೆ ಮುಖ ಮಾಡಿ ಕಣ್ಣೊರೆಸಿಕೊಳ್ಳುತ್ತಿದ್ದಳು. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅನ್ನುವ ದುಃಖ ಅವಳದು. ಅಮ್ಮನ ದುಃಖ ಬೇರೆ.

ಮನೆಯಲ್ಲಿ ಅತ್ತೆಗೆ ವಿಷಯ ತಿಳಿಯಿತು. ಮೊಮ್ಮಗಳ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತಿರುಗಿಸಿ ನೋಡಿದರು.

"ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಹೇಳಿದ್ದು ಕೇಳಿದ್ದೆ" ಅಂದರು. "ಶೂ ಇದ್ದಷ್ಟು ಕಾಲು ಮುದುಡಿಕೋ ಅಂತ ಯಾರೂ ಹೇಳಿರಲಿಲ್ಲ."

ಆಗಲೇ ಅಳತೆಯಕ್ಕ, ನೀವೇ ಪುಣ್ಯವಂತರು ಅತ್ತೆ, ಶೂ ಹಾಕದೆ ಬದುಕಿದಿರಿ ಅಂದುಬಿಟ್ಟಳು. ಅತ್ತೆಗೆ ಆ ಮಾತು ಹಿಡಿಸಲಿಲ್ಲ. ತಮ್ಮ ಹಿಮ್ಮಡಿಯನ್ನು ಎತ್ತಿ ತೋರಿಸಿದರು, ಬತ್ತಿದ ಕೆರೆಯ ತಳದ ಹಾಗೆ ಬಿರುಕು. ಅಂಗಾಲಲ್ಲಿ ತುಕ್ಕು ಮೊಳೆ ಹೊಕ್ಕ ಕಲೆ. ಆ ಸಲ ಜ್ವರ ಬಂದು ಸಾಯುವ ಹಾಗಾಗಿತ್ತು, ಬಿಸಿಲಲ್ಲಿ ಇಟ್ಟಿಗೆ ಹೊರುವಾಗ ಕಾಲು ಸುಟ್ಟು ಬೊಬ್ಬೆ ಎದ್ದಿತ್ತು, ಆವಾಗ ಒಂದು ಜೊತೆ ಚಪ್ಪಲಿ ಕೊಡಿಸಿ ಅಂತ ತಮ್ಮ ಗಂಡನನ್ನು ಎಷ್ಟು ಬೇಡಿಕೊಂಡಿದ್ದರೋ.

"ನನಗೆ ಇರಲಿಲ್ಲ, ಅದಕ್ಕೆ ಹಾಕಲಿಲ್ಲ. ಅದರಲ್ಲಿ ಪುಣ್ಯ ಏನು ಬಂತು?" ಅಂದರು.

ಅಳತೆಯಕ್ಕನಿಗೆ ಆ ಮಾತು ನಾಟಲಿಲ್ಲ. ಮಾರನೆಯ ದಿನದಿಂದಲೇ ಶೂ ಮೂಲೆಗೆ ಎಸೆದು ಬರಿಗಾಲಲ್ಲಿ ಓಡಾಡತೊಡಗಿದಳು. ಬಸ್ ಸ್ಟಾಪಿನವರೆಗೂ ಬರಿಗಾಲು, ಕಾರ್ಖಾನೆಯ ಸಿಮೆಂಟು ನೆಲದ ಮೇಲೂ ಬರಿಗಾಲು. ಹೊಲಿಗೆಯ ಹೆಂಗಸರು ಹರಕೆ ಹೊತ್ತಿದ್ದೀಯೇನೇ ಅಂತ ಕೇಳಿದರು. ವಾರ ಕಳೆಯುವಷ್ಟರಲ್ಲಿ ಪಾದ ಊದಿತು, ಹಿಮ್ಮಡಿ ನೆಲಕ್ಕೆ ಊರದಾಯಿತು. ಬೆಳಿಗ್ಗೆ ಮಂಚದಿಂದ ಇಳಿದರೆ ಸೂಜಿಯ ಮೇಲೆ ಕಾಲಿಟ್ಟ ಹಾಗೆ.

ಈ ಸಲ ಡಾಕ್ಟರ ಹತ್ತಿರ ಮಗಳೇ ಕರೆದುಕೊಂಡು ಹೋದಳು. ಡಾಕ್ಟರು ಬೈದರು. ಇಷ್ಟು ವರ್ಷ ಕಟ್ಟಿಹಾಕಿದ ಎತ್ತಿನ ಹಗ್ಗ ಬಿಚ್ಚಿ ಒಂದೇ ದಿನಕ್ಕೆ ಹೊಲ ಪೂರ್ತಿ ಉಳುಮೆ ಮಾಡಿಸಿದರೆ ಅದು ಬೀಳದೆ ಇರುತ್ತಾ ಅಂತ ಕೇಳಿದರು. ಮನೆಯೊಳಗೆ ಸ್ವಲ್ಪ ಹೊತ್ತು, ಆಮೇಲೆ ಹುಲ್ಲಿನ ಮೇಲೆ ಸ್ವಲ್ಪ ಹೊತ್ತು, ಅಭ್ಯಾಸವಾದ ಹಾಗೆ ಹೆಚ್ಚಿಸಬೇಕು. ಬೀದಿಗೆ ಅಗಲದ, ತೆಳು ತಳದ ಚಪ್ಪಲಿ ಹಾಕಲೇಬೇಕು. ಹಾಗೇ ಮಗಳ ಕಾಲನ್ನೂ ನೋಡಿದರು. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಅಂತ ಗಾದೆ ಇದೆಯಲ್ಲ, ಇದು ಗಿಡವಾಗಿಯೇ ಬಗ್ಗಿದೆ, ಆದರೆ ಇನ್ನೂ ಗಿಡವೇ, ಈಗ ಇಂಥ ಶೂ ಹಾಕುವುದು ಬಿಟ್ಟರೆ ಇನ್ನಷ್ಟು ಕೆಡದೆ ನಿಲ್ಲಬಹುದು ಅಂದರು.

"ಅಮ್ಮನದು?" ಅಂತ ಮಗಳು ಕೇಳಿದಳು.

ಅಮ್ಮನದು ನೆಟ್ಟಗಾಗಲ್ಲ, ನೋವು ಕಮ್ಮಿಯಾಗಬಹುದು ಅಂದರು ಡಾಕ್ಟರು. ಅಳತೆಯಕ್ಕ ತಲೆಯಾಡಿಸಿದಳು. ಅವಳಿಗೆ ಅಷ್ಟೇ ಸಾಕಾಗಿತ್ತು, ಅಥವಾ ಅದಕ್ಕಿಂತ ಹೆಚ್ಚಿನದನ್ನು ಆಸೆಪಡುವಷ್ಟು ಕಸುವಿರಲಿಲ್ಲ.

ಅಲ್ಲಿಂದ ಮನೆಯಲ್ಲಿ ಸಂಜೆ ಹೊತ್ತು ಹೊಸ ಶಾಲೆ ಶುರುವಾಯಿತು. ಮೇಷ್ಟ್ರು ಅತ್ತೆ. ನೆಲದ ಮೇಲೆ ಟವಲ್ ಹಾಸಿ ಅದನ್ನು ಕಾಲ್ಬೆರಳಲ್ಲಿ ಮುದುಡಿ ಎಳೆಯಬೇಕು. ಬೆರಳುಗಳನ್ನು ಬಿಡಿಸಿ ಅಗಲಿಸಬೇಕು. ಅತ್ತೆ ಕುರ್ಚಿಯಲ್ಲಿ ಕೂತು ಕಣ್ಣು ಮುಚ್ಚಿಕೊಂಡೇ ಮಾಡುತ್ತಿದ್ದರು. ಮಗಳಿಗೆ ವಾರಗಟ್ಟಲೆ ಒದ್ದಾಡಿದ ಮೇಲೆ ಬಂತು. ಅಳತೆಯಕ್ಕ ಎಷ್ಟು ಮನಸ್ಸು ಮಾಡಿದರೂ ಅವಳ ಬೆರಳುಗಳು ಬೇರೆ ಯಾರದೋ ಮಾತು ಕೇಳುತ್ತಿರುವ ಹಾಗೆ ಸುಮ್ಮನಿರುತ್ತಿದ್ದವು. ಅತ್ತೆ ನಕ್ಕರೆ ಅವಳಿಗೂ ನಗು ಬರುತ್ತಿತ್ತು. ನಗುತ್ತಲೇ ಆಕಳಿಕೆ.

ಮಗಳಿಗೆ ಈಜುಕೊಳದಲ್ಲಿ ಕೆಲಸ ಸಿಕ್ಕಿತು. ಬಂದವರಿಗೆ ಬೀರುವಿನ ಕೀಲಿ ಕೊಡುವುದು, ನೆಲ ಒರೆಸುವುದು, ಮಕ್ಕಳು ಓಡದ ಹಾಗೆ ನೋಡುವುದು. ಅಲ್ಲಿ ಯಾರೂ ಚಪ್ಪಲಿ ಹಾಕಿಕೊಂಡು ಒಳಗೆ ಕಾಲಿಡುವ ಹಾಗಿರಲಿಲ್ಲ. ಕೆಲವು ದಿನ ಕಳೆದ ಮೇಲೆ ಒಂದು ಸಂಜೆ ಬಂದು ಅಮ್ಮನ ಹತ್ತಿರ ಕೂತಳು.

"ಅಮ್ಮ, ಅಲ್ಲಿ ನಾನು ಎಲ್ಲರ ಕಾಲೂ ನೋಡ್ತೀನಿ" ಅಂದಳು. "ಆಫೀಸಿಂದ ಬರೋ ಹೆಂಗಸರು, ಟೀಚರುಗಳು, ದೊಡ್ಡ ಕಾರಲ್ಲಿ ಬರೋರು. ಶೂ ಬಿಚ್ಚಿದ್ರೆ ತುಂಬಾ ಜನರದ್ದು ನಿನ್ನ ಕಾಲಿನ ಥರಾನೇ ಇದೆ. ಬೆರಳು ಮುಚ್ಚಿಕೊಂಡು ಓಡಿಹೋಗಿ ನೀರಿಗಿಳೀತಾರೆ. ಸಣ್ಣ ಮಕ್ಕಳದ್ದು ಮಾತ್ರ ಅಜ್ಜಿ ಕಾಲಿನ ಹಾಗಿದೆ."

ಅಳತೆಯಕ್ಕನಿಗೆ ಅವರಲ್ಲಿ ಎಷ್ಟು ಜನ ತಾನು ಪರವಾಗಿಲ್ಲ ಅಂದ ಶೂ ಹಾಕಿದ್ದರೋ ಅಂತ ಒಂದು ಗಳಿಗೆ ಮನಸ್ಸಿಗೆ ಬಂತು.

ಕಾರ್ಖಾನೆಯಲ್ಲಿ ಮತ್ತೊಬ್ಬಳ ಕಾಲು ಸಿಕ್ಕಿತ್ತು, ಹೊಸ ಹುಡುಗಿ, ನಗುಮುಖದವಳು. ಅವಳು ಕಾರಿಡಾರಿನಲ್ಲಿ ಟಕಟಕ ನಡೆಯುವ ಸದ್ದು ಹೊಲಿಗೆಯ ಮಿಷಿನ್ನುಗಳ ನಡುವೆಯೂ ಕೇಳುತ್ತಿತ್ತು. ಅಳತೆಯಕ್ಕ ಊಟದ ಹೊತ್ತಿನಲ್ಲಿ ಅವಳನ್ನು ಪಕ್ಕಕ್ಕೆ ಕರೆದು, ಮನೆಗೆ ಹೋದ ತಕ್ಷಣ ಬಿಚ್ಚಿಬಿಡು, ಬೆರಳು ಅಗಲಿಸು, ನೋವಾದ್ರೆ ಒತ್ತಿ ಹೇಳು ಅಂತ ಹೇಳಿದಳು. ಹುಡುಗಿ ಆಯ್ತಕ್ಕ ಅಂದಳು. ಆ ವಯಸ್ಸಿನಲ್ಲಿ ತಾನೂ ಎಲ್ಲರಿಗೂ ಆಯ್ತು ಅನ್ನುತ್ತಿದ್ದದ್ದು ಅಳತೆಯಕ್ಕನಿಗೆ ಗೊತ್ತಿತ್ತು. ಆದರೂ ಆಗಾಗ ಹೇಳುತ್ತಲೇ ಬಂದಳು.

ಬಹಳ ದಿನಗಳ ಮೇಲೆ ಮೇಡಂ ಅವಳನ್ನು ಕರೆಸಿದರು. ಕಾಲುನೋವಿನವರಿಗೆಂದೇ ಅಗಲ ಮೂತಿಯ, ಹಿಮ್ಮಡಿ ಎತ್ತರವಿಲ್ಲದ ಶೂ ಮಾಡಿ ಅಂತ ಅದೇ ದೊಡ್ಡ ಅಂಗಡಿಯವರು ಕೇಳುತ್ತಿದ್ದಾರಂತೆ. ಬೇಡಿಕೆ ಬಹಳ ಇದೆಯಂತೆ. ಅದಕ್ಕೆ ಒಳ್ಳೆಯ ಕಾಲು ಉಪಯೋಗಕ್ಕೆ ಬರುವುದಿಲ್ಲ.

"ಈಗ ನಿಮ್ಮಂಥ ಕಾಲೇ ಬೇಕಾಗಿದೆ ಅಕ್ಕ" ಅಂದರು ಮೇಡಂ. ಅಂದು ತಾವೇ ತಲೆ ತಗ್ಗಿಸಿದರು.

ಅಳತೆಯಕ್ಕನಿಗೆ ಸಿಟ್ಟು ಬರಬೇಕಿತ್ತು. ಕೆಡಿಸಿದ್ದೂ ನೀವೇ, ಮುಲಾಮು ಮಾರುವುದೂ ನೀವೇ ಅನ್ನಬಹುದಿತ್ತು. ಮೇಡಂ ಕೂತ ಕಡೆ ನೋಡಿದಳು. ಅವರ ಕಾಲೂ ಮೇಜಿನಡಿ ಶೂವಿನಿಂದ ಅರ್ಧ ಹೊರಬಂದು, ಒಂದರ ಮೇಲೊಂದು ಉಜ್ಜಿಕೊಳ್ಳುತ್ತಿತ್ತು. ಸಿಟ್ಟು ಮಾಡಿಕೊಂಡು ಆಗುವುದೇನು ಅನ್ನಿಸಿತು.

"ಒತ್ತಿದ್ರೆ ಒತ್ತುತ್ತೆ ಅಂತೀನಿ ಮೇಡಂ. ಆವಾಗ ಚೂಪು ಮಾಡೋ ಹಾಗಿಲ್ಲ" ಅಂದಳು.

ಮೇಡಂ ಒಪ್ಪಿದರು. ಆ ಮಾತನ್ನು ಪೂರ್ತಿ ಉಳಿಸಿಕೊಳ್ಳಲು ಅವರಿಂದ ಆಗಲಿಲ್ಲ. ಎರಡು ಮಾದರಿಗಳಲ್ಲಿ ಒಂದನ್ನು ಅಂಗಡಿಯವರು ಬಾತುಕೋಳಿಯ ಕಾಲು ಅಂತ ತಳ್ಳಿಹಾಕಿದರು. ಎರಡನೆಯದು ಮೂತಿ ಕೊಂಚ ಚೂಪಾದ ಮೇಲೆಯೇ ಮಾರಾಟಕ್ಕೆ ಹೋಯಿತು. ತಳ್ಳಿಹಾಕಿದ ಜೋಡಿಗಳನ್ನು ಹೊಲಿಗೆಯ ಹೆಂಗಸರೇ ಹಂಚಿಕೊಂಡು ಹಾಕಿಕೊಂಡರು. ಬೆಳಿಗ್ಗೆ ಗೇಟಿನಲ್ಲಿ ಅವರು ಒಟ್ಟಿಗೆ ಬರುವುದನ್ನು ನೋಡಿ ಗುಮಾಸ್ತ, ಬಾತುಕೋಳಿಗಳು ಬಂದವು ಅನ್ನತೊಡಗಿದ.

ಮಗಳ ಹೆಬ್ಬೆರಳು ಪೂರ್ತಿ ನೆಟ್ಟಗಾಗಲಿಲ್ಲ, ಉಬ್ಬು ಅಲ್ಲಿಗೇ ನಿಂತಿತು, ಕೆಂಪು ಹೋಯಿತು. ಅಳತೆಯಕ್ಕನ ಕಾಲು ಡಾಕ್ಟರು ಹೇಳಿದ ಹಾಗೇ ಉಳಿಯಿತು. ಕೆಲವು ದಿನ ನೋವೇ ಇರುತ್ತಿರಲಿಲ್ಲ. ಕೆಲವು ದಿನ ಬಸ್ಸಿಳಿದು ಮನೆಯ ಬಾಗಿಲವರೆಗೆ ಬರುವಷ್ಟರಲ್ಲಿ ಸಾಕುಸಾಕಾಗುತ್ತಿತ್ತು. ಆಪರೇಷನ್ ಮಾಡಿಸು ಅಂತ ಗಂಡ ಬಂದಾಗಲೆಲ್ಲ ಹೇಳುತ್ತಿದ್ದ. ನೋಡೋಣ ಅನ್ನುತ್ತಿದ್ದಳು.

ಅಂಥದೊಂದು ಸಂಜೆ ಅವಳು ಬಂದವಳೇ ಕುರ್ಚಿಯಲ್ಲಿ ಕುಸಿದಳು. ಮಗಳು ನೆಲದ ಮೇಲೆ ಕೂತು ಅಮ್ಮನ ಎಡಗಾಲನ್ನು ಮಡಿಲಿಗೆ ಎಳೆದುಕೊಂಡಳು. ಕೈಗೆ ಎಣ್ಣೆ ಹಚ್ಚಿ, ಒಂದೊಂದೇ ಬೆರಳನ್ನು ಹಿಡಿದು, ಡಾಕ್ಟರು ತೋರಿಸಿಕೊಟ್ಟ ಹಾಗೆ ಮೆಲ್ಲಗೆ ಬಿಡಿಸತೊಡಗಿದಳು. ಆಪರೇಷನ್ನಿಗೆ ಯಾವಾಗ ರಜೆ ಕೇಳ್ತೀಯ, ಆಮೇಲೆ ಮನೆ ಕೆಲಸ ನಾನು ನೋಡಿಕೊಳ್ತೀನಿ ಅಂತ ಏನೇನೋ ಹೇಳುತ್ತಿದ್ದಳು. ಉತ್ತರ ಬರಲಿಲ್ಲ. ತಲೆಯೆತ್ತಿ ನೋಡಿದರೆ ಅಮ್ಮ ಬಾಯಿ ಕೊಂಚ ತೆರೆದುಕೊಂಡು, ಚೀಲವನ್ನು ಹೆಗಲಿಂದ ಇಳಿಸದೆಯೇ, ನಿದ್ದೆ ಹೋಗಿದ್ದಳು.

ಅಡುಗೆಮನೆಯಿಂದ ಅತ್ತೆ ಬಂದು ನೋಡಿದರು.

"ಎಬ್ಬಿಸಬೇಡ" ಅಂದರು. ಚೀಲವನ್ನು ಸದ್ದಾಗದ ಹಾಗೆ ಹೆಗಲಿಂದ ಬಿಡಿಸಿ ಪಕ್ಕಕ್ಕಿಟ್ಟು, ಮತ್ತೆ ಒಳಗೆ ಹೋದರು. ಮಗಳು ಇನ್ನೊಂದು ಕಾಲನ್ನು ತೆಗೆದುಕೊಂಡಳು.